ಮಾಸ್ತರರಿಗೆ ಗ್ಲೌಸ್ ಯಾಕೆ?

ತೊಂಬತ್ತರ ದಶಕದ ಕೊನೆಯಲ್ಲಿ ದಂತವೈದ್ಯಕೀಯ ಓದುತ್ತಿದ್ದ ನಾವು ರೋಗಿಯ ಮುಖ ನೋಡಿ ಗ್ಲೌಸ್ ಹಾಕುತ್ತಿದ್ದೆವು. ಚಿತ್ತಾಪುರದಲ್ಲಿ ನಮ್ಮ ಕಾಲೇಜು ನಡೆಸಿದ ಹಲ್ಲಿನ ಶಿಬಿರಕ್ಕೆ ದಂಡೋತಿಯ ನಿವೃತ್ತ ಮಾಸ್ತರರೊಬ್ಬರು ಇಸ್ತ್ರಿ ಅಂಗಿ ತೊಟ್ಟು ಬಂದರು. ಇಂಥವರ ಮುಂದೆ ಗ್ಲೌಸ್ ಹಾಕಿದರೆ ಅವಮಾನ ಮಾಡಿದಂತೆ ಅಂದುಕೊಂಡು ಬರಿಗೈಯಲ್ಲೇ ಹಲ್ಲು ಕೀಳಲು ನಿಂತೆ. ಇಂಜೆಕ್ಷನ್ ಸೂಜಿ ಅವರ ವಸಡಿನಿಂದ ಜಾರಿ, ಬಾಯೊಳಗಿದ್ದ ನನ್ನ ಬೆರಳಿಗೆ ಚುಚ್ಚಿತು.

ತಟ್ಟನೆ ಬೆರಳು ಹೊರಗೆಳೆದುಕೊಂಡೆ. "ಸರ್, ನಿಮ್ಮ ರಕ್ತ ತಪಾಸ್ ಮಾಡಸಬೇಕ್ರಿ. ಏಡ್ಸ್ ಗೀಡ್ಸ್..." ಎಂದು ತಡವರಿಸಿ, ಬೈಗುಳಕ್ಕೆ ಕಾದೆ.

"ಮಾಡಸೋಣು," ಅಂದರು ಮಾಸ್ತರರು. "ನಿಂದೂ ಮಾಡಸು. ನಿನ್ನ ರಕ್ತ ನನ್ನ ಬಾಯಾಗ ಬಿದ್ದದಲ್ಲೋ ತಮ್ಮಾ?"

ಅದು ನನಗೆ ಹೊಳೆದೇ ಇರಲಿಲ್ಲ. ರೋಗ ಅಂದರೆ ರೋಗಿಗಳಿಂದ ನಮಗೆ ಬರುವುದು ಎಂದಷ್ಟೇ ತಿಳಿದಿದ್ದೆವು.

ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ರಕ್ತ ಕೊಟ್ಟೆವು. ಸೋಂಕು ತಡವಾಗಿ ಕಾಣಿಸಬಹುದೆಂದು ಮೂರು ತಿಂಗಳಿಗೆ ಮತ್ತೊಮ್ಮೆ ಕೊಟ್ಟೆವು. ಎರಡೂ ಸಲ ಇಬ್ಬರದೂ ಸಾಫ್ ಬಂತು. ಅಷ್ಟು ದಿನದ ಮೇಲೆ ಆವತ್ತು ನಾನು ಹೊಟ್ಟೆ ತುಂಬ ಉಂಡೆ.

ಮುಂದೆ ಇನ್ನೊಂದು ಹಲ್ಲು ನೋಯತೊಡಗಿದಾಗ ಮಾಸ್ತರರು ಕಾಲೇಜಿಗೆ, ನನ್ನನ್ನೇ ಹುಡುಕಿಕೊಂಡು ಬಂದರು. ಕುರ್ಚಿಯಲ್ಲಿ ಕೂತರು, ಬಾಯಿ ಮಾತ್ರ ತೆರೆಯಲಿಲ್ಲ.

"ಮೊದಲ ಕೈ ತೋರಸು," ಅಂದರು.

ಉಗುರು ತೋರಿಸುವ ಒಂದನೇ ಕ್ಲಾಸಿನ ಹುಡುಗನ ಹಾಗೆ, ಗ್ಲೌಸ್ ಹಾಕಿದ ಎರಡೂ ಕೈ ಮುಂದೆ ಚಾಚಿದೆ. ಮಾಸ್ತರರು ಹೊರಳಿಸಿ ನೋಡಿ, ಆಮೇಲೆ ಬಾಯಿ ತೆರೆದರು.