ಎಡಗಡೆಯ ಗಿಟಾರು, ಬಲಗಡೆಯ ಹೆಂಗಸು

ಯಾರೂ ಗಮನಿಸದ ಒಳ್ಳೆಯ ಆಲ್ಬಂಗಳ ಪಟ್ಟಿ ಮಾಡುವುದು ಮೋಸದ ಕೆಲಸ ಎಂದು ನಾನು ಈಗಲೂ ವಾದಿಸಬಲ್ಲೆ. ಪಟ್ಟಿಗೆ ಬಂತು ಅಂದಮೇಲೆ ಯಾರೋ ಗಮನಿಸಿದ್ದಾರೆ ಅಂತಾಯಿತು. ನಿಜವಾಗಿ ಯಾರೂ ಗಮನಿಸದೆ ಇರುವುದು ಪಟ್ಟಿಗೇ ಬರುವುದಿಲ್ಲ. ಅಲ್ಲದೆ, ಇಂಥ ಪಟ್ಟಿ ಬರೆಯುವವರಿಗೆ ಆಲ್ಬಮ್ಮಿಗಿಂತ ತಮ್ಮ ಕಿವಿಯ ಮೇಲೇ ಪ್ರೀತಿ ಜಾಸ್ತಿ. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಹತ್ತಿರ ಒಂದು ಪಟ್ಟಿ ಇದೆ. ಮೂರೇ ಮೂರು ಕ್ಯಾಸೆಟ್ಟು.

ಒಂದು, ಯಾವುದೋ ಚಳಿ ದೇಶದ ನಾಲ್ಕು ಹುಡುಗಿಯರ ಪಂಕ್ ತಂಡದ್ದು. ಅರ್ಧ ಗಂಟೆಯೊಳಗೆ ಪೂರ್ತಿ ಮುಗಿದುಹೋಗುತ್ತದೆ. ಬಾಸ್ ಗಿಟಾರ್ ನುಡಿಸುವವಳು ಇನ್ನೂ ಕಲಿಯುತ್ತಿರುವವಳು ಅಂತ ಎಂಥವರಿಗೂ ಗೊತ್ತಾಗುತ್ತದೆ. ನಾಲ್ಕನೇ ಹಾಡಿನಲ್ಲಿ ತಪ್ಪುತ್ತಾಳೆ, ಐದನೇ ಹಾಡಿನಲ್ಲಿ ಅದೇ ತಪ್ಪನ್ನು ಬೇಕಂತಲೇ ಇನ್ನೊಂದು ಸಲ ಮಾಡುತ್ತಾಳೆ. ಎರಡನೆಯದು ಸಾಕಷ್ಟು ಹೆಸರಾದ ಬ್ಯಾಂಡೊಂದರ ಮೂರನೇ ಆಲ್ಬಂ. ಮೊದಲೆರಡರಲ್ಲಿ ಕಿರುಚಿದವರು ಇದರಲ್ಲಿ ಸುಸ್ತಾಗಿದ್ದಾರೆ, ಹಾಡುಗಳು ನಿಧಾನವಾಗಿವೆ. ಅಭಿಮಾನಿಗಳು ಇದನ್ನು ದ್ರೋಹ ಎಂದರಂತೆ. ಮನುಷ್ಯ ಸುಸ್ತಾಗುವುದು ದ್ರೋಹ ಹೇಗಾಗುತ್ತದೆ ಎಂದು ಇವತ್ತಿಗೂ ನನಗೆ ಯಾರೂ ಸಾಧಿಸಿ ತೋರಿಸಿಲ್ಲ.

ಮೂರನೆಯದು ಹಳದಿ ಕವರಿನದು. ಆಡುವವರೇ ಇಲ್ಲದ ಒಂದು ವಾಲಿಬಾಲ್ ಅಂಕಣದ ಫೋಟೊ, ನೆಟ್ ಅರ್ಧ ಜೋತುಬಿದ್ದಿದೆ. ಮೊದಲೆರಡು ನನ್ನವು. ಇದು ನನ್ನದಲ್ಲ.

ಆಗ ನಾನು ವಿಜಯನಗರದ ಒಂದು ಕಾಲೇಜಿನಲ್ಲಿ ಬಿ.ಎ. ಓದುತ್ತಿದ್ದೆ. ಕ್ಯಾಸೆಟ್ಟಿನ ಕಾಲ ಮುಗಿಯುತ್ತಾ ಬಂದಿತ್ತು, ಸೀಡಿಯ ಕಾಲ ನಮ್ಮಂಥವರ ಮನೆಗಿನ್ನೂ ಸರಿಯಾಗಿ ಬಂದಿರಲಿಲ್ಲ. ಕಾಲೇಜಿನಲ್ಲಿ ನನಗಿದ್ದ ಹೆಸರು 'ಪರ'. ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಒಂದೊಂದು ಕಾಲೇಜಿನಿಂದ ಇಬ್ಬರು ಹೋಗಬೇಕು, ಒಬ್ಬ ವಿಷಯದ ಪರ ಮಾತಾಡಬೇಕು, ಇನ್ನೊಬ್ಬ ವಿರೋಧ. ಇಬ್ಬರ ಅಂಕ ಕೂಡಿಸಿ ಪರ್ಯಾಯ ಫಲಕ ಕೊಡುತ್ತಾರೆ. ಅಂದರೆ ವೇದಿಕೆಯ ಮೇಲೆ ನಿಮ್ಮ ಮಾತನ್ನು ಹರಿದುಹಾಕುವವನು ನಿಮ್ಮದೇ ತಂಡದವನು. ಅವನು ಚೆನ್ನಾಗಿ ಹರಿದಷ್ಟೂ ನಿಮಗೇ ಲಾಭ. ನನ್ನ 'ವಿರೋಧ' ಬಾಗಲಕೋಟೆ ಕಡೆಯ ಹುಡುಗ. ಕೆಂಗೇರಿಯ ಹಳೇ ಊರಿನಲ್ಲಿ ಸೋದರಮಾವನ ಮನೆಯಲ್ಲಿದ್ದ. ನಮ್ಮ ಮನೆ ಅಲ್ಲೇ ಉಪನಗರದಲ್ಲಿ. ಹಾಗಾಗಿ ಇಬ್ಬರಿಗೂ ಒಂದೇ ಬಸ್ಸು.

ಆ ಹಳದಿ ಕ್ಯಾಸೆಟ್ಟನ್ನು ಆರಿಸಿದವನು ಅವನೇ. ರಾಜಾಜಿನಗರದಲ್ಲಿ ಒಂದು ಕ್ಯಾಸೆಟ್ ಅಂಗಡಿ ಬಾಗಿಲು ಹಾಕುವುದರಲ್ಲಿತ್ತು. "ಇಂಗ್ಲಿಷ್ ಬೇಕಾ? ಆ ರಟ್ಟಿನ ಡಬ್ಬದಲ್ಲಿದೆ, ಹುಡುಕ್ಕೊಳಿ," ಅಂದರು ಅಂಗಡಿಯವರು. ನಾನು ಒಂದೊಂದು ಕವರಿನ ಹಿಂದೆ ಓದಿ ಬ್ಯಾಂಡಿನ ಪೂರ್ವಾಪರ ವಿಚಾರಿಸುತ್ತಾ ನಿಂತಿದ್ದೆ. ಇವನು ಕೈಹಾಕಿ ಒಂದು ತೆಗೆದ.

"ಇದು ತೊಗೋಳೂನು."

"ಯಾಕೆ? ಕಾರಣ ಹೇಳು."

"ನಮ್ಮ ಸಾಲಿ ಗ್ರೌಂಡ್ ಹಿಂಗ ಐತಿ."

"ಇದೊಂದು ಕಾರಣಾನೇನೋ!"

"ನಿನಗ ಅಲ್ಲ. ನನಗ ಸಾಕು."

ವಾಕ್‌ಮನ್ನೂ ಅವನದೇ. ಇಬ್ಬರಿಗೂ ಸೇರಿ ಒಂದೇ ಇಯರ್‌ಫೋನು. ಅವನಿಗೆ ಚಿಕ್ಕಂದಿನಲ್ಲಿ ಎಡಗಿವಿ ಸೋರಿ ಸೋರಿ ಅದರಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಆದ್ದರಿಂದ ಯಾವಾಗಲೂ ನನ್ನ ಎಡಕ್ಕೆ ಕೂತು ತನ್ನ ಬಲಗಿವಿಗೆ ಬಲದ ತುದಿ ಸಿಕ್ಕಿಸಿಕೊಳ್ಳುತ್ತಿದ್ದ. ಎಡದ ತುದಿ ನನ್ನ ಎಡಗಿವಿಗೆ. ನಡುವೆ ವೈರು. ಬಸ್ಸು ಮೈಸೂರು ರಸ್ತೆಯ ಗುಂಡಿಗೆ ಬಿದ್ದಾಗ ಯಾರೊಬ್ಬರು ಎಗರಿದರೂ ಇನ್ನೊಬ್ಬನ ಕಿವಿಯಿಂದ ಹಾಡು ಬಿದ್ದುಹೋಗುತ್ತಿತ್ತು.

ಆ ಮುಕ್ಕಾಲು ಗಂಟೆ ಬಿಟ್ಟರೆ ನನಗೆ ಸಂಗೀತದಲ್ಲಿ ಜೊತೆ ಅಂತ ಯಾರೂ ಇರಲಿಲ್ಲ. ಇದು ಉತ್ಪ್ರೇಕ್ಷೆಯಲ್ಲ. ಮನೆಯಲ್ಲಿ ಅಮ್ಮನಿಗೆ ಅದು ತಗಡು ಬಡಿಯುವ ಸದ್ದು. ಕ್ಲಾಸಿನವರಿಗೆ ನಾನು ಬಿಲ್ಡಪ್ ಕೊಡುವವನು. ರಾಕ್ ಕೇಳುವ ಹುಡುಗರು ಊರಿನ ಆ ಕಡೆ, ದಂಡು ಪ್ರದೇಶದ ಕಡೆ ಇದ್ದಾರೆ ಅಂತ ಗೊತ್ತಿತ್ತು. ಒಂದೆರಡು ಸಲ ಹೋಗಿಯೂ ಬಂದೆ. ಅವರ ಇಂಗ್ಲಿಷಿನ ವೇಗಕ್ಕೆ ನನ್ನ ವಾದಗಳು ಹಿಂದೆ ಬಿದ್ದವು. ಅಲ್ಲಿಂದ ಕೆಂಗೇರಿಗೆ ಬಸ್ಸು ಹಿಡಿದು ಬರುವಾಗ ನನ್ನ ಬಗ್ಗೆ ನನಗೇ ಅಸಹ್ಯವಾಗಿತ್ತು.

ಶನಿವಾರ ಭಾನುವಾರ ಅವನು ಕ್ಯಾಸೆಟ್ಟನ್ನು ನನಗೆ ಬಿಡುತ್ತಿದ್ದ. ನಮ್ಮ ಮನೆಯ ಟೇಪ್‌ರೆಕಾರ್ಡರಿಗೆ ಎರಡು ಸ್ಪೀಕರು, ಬಲಗಡೆಯದು ಕೆಟ್ಟು ವರ್ಷಗಳಾಗಿತ್ತು. ಅದರ ಮೇಲೆ ಅಮ್ಮ ಕ್ರೋಶಾ ಬಟ್ಟೆ ಹಾಸಿ ಗಣಪತಿ ಇಟ್ಟಿದ್ದರು. ನಾನು ಎಡಗಡೆಯದಕ್ಕೆ ಕಿವಿಯೊತ್ತಿ ಕೇಳುತ್ತಿದ್ದೆ. ಒಂದು ಗಿಟಾರು, ಎರಡೇ ಎರಡು ಸ್ವರಗಳ ನಡುವೆ ಹೋಗಿ ಬಂದು ಮಾಡುತ್ತದೆ, ಬೀಗ ಹಾಕಿದೆಯೋ ಇಲ್ಲವೋ ಅಂತ ಪದೇ ಪದೇ ಬಂದು ನೋಡುವವರ ಹಾಗೆ. ಹಾಡುವವನು ಹಾಡುವುದಕ್ಕಿಂತ ಗೊಣಗುವುದೇ ಹೆಚ್ಚು. ಪ್ರತಿ ಸಾಲಿನ ಕೊನೆಗೂ ಉದ್ದಕ್ಕೆ ನಿಲ್ಲಿಸುತ್ತಾನೆ. ಆ ಖಾಲಿಯೇ ಆಲ್ಬಮ್ಮಿನ ಜೀವ ಎಂದು ನಾನು ಸಿದ್ಧಾಂತ ಮಾಡಿದ್ದೆ. ಯಾರೂ ಉತ್ತರ ಕೊಡದ ಮನುಷ್ಯನ ಆಲ್ಬಂ ಇದು ಎಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ಬರೆದಿದ್ದೆ.

ಅದನ್ನು ಬಸ್ಸಿನಲ್ಲಿ ಓದಿ ಹೇಳಿದಾಗ ಅವನು ನನ್ನ ಮುಖ ನೋಡಿದ.

"ಉತ್ತರ ಕೊಡಾಕತ್ತಾಳಲ್ಲೋ ಆಕಿ."

"ಯಾರು?"

"ಹೆಣ್ಮಗಳು. ಅವ ಒಂದು ಅಂತಾನ, ಆಕಿ ಒಂದು ಅಂತಾಳ. ಎರಡನೇ ಸೈಡಿನ್ಯಾಗ ಎಲ್ಲಾ ಹಾಡಿಗೂ ಅದಾಳ."

"ಯಾವ ಹೆಂಗಸೂ ಇಲ್ಲ ಕಣೋ."

"ಅದಾಳ."

ನಾನು ಕವರಿನೊಳಗಿನ ಚೀಟಿ ಬಿಚ್ಚಿ ತೋರಿಸಿದೆ. ಮೂರು ಹೆಸರು, ಮೂವರೂ ಗಂಡಸರು. ಹಾಡುಗಾರ, ಬಾಸ್, ಡ್ರಮ್. ಬೇರೆ ಯಾರಿಗೂ ಕೃತಜ್ಞತೆ ಸಹ ಇಲ್ಲ. ಲಿಖಿತ ಪುರಾವೆ. ಅವನು ಚೀಟಿ ನೋಡಿದ, ಮಡಿಸಿ ಒಳಗಿಟ್ಟ. "ಬರದಿಲ್ಲ, ಅಷ್ಟ," ಅಂದ. ಎರಡು ಚರ್ಚಾಸ್ಪರ್ಧೆ ಗೆದ್ದಿದ್ದ ನಾವಿಬ್ಬರೂ ವಾರಗಟ್ಟಲೆ ಇದನ್ನು ವಾದಿಸಿದೆವು. ಇಯರ್‌ಫೋನಿನ ತುದಿಗಳನ್ನು ಒಮ್ಮೆ ಅದಲುಬದಲು ಮಾಡಿ ನೋಡೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮಾತಿನಲ್ಲಿ ಬಗೆಹರಿಯದೆ ಇರುವುದು ಏನಾದರೂ ಇದ್ದೀತು ಎಂಬ ಅನುಮಾನವೇ ನಮಗಿರಲಿಲ್ಲ.

ಕೊನೆಯ ವರ್ಷದ ದೊಡ್ಡ ಸ್ಪರ್ಧೆಗೆ ಎರಡು ದಿನ ಮುಂಚೆ ಕ್ಯಾಂಟೀನಿನಲ್ಲಿ ಕೂತಿದ್ದೆವು. ಜೂನಿಯರ್ ಹುಡುಗ ಹುಡುಗಿಯರು ಏಳೆಂಟು ಜನ ಸುತ್ತ ಇದ್ದರು. ಮಾತು ಹೇಗೋ ಆ ಕ್ಯಾಸೆಟ್ಟಿನ ಹೆಂಗಸಿನ ಕಡೆಗೇ ಬಂತು. ಒಬ್ಬ ಮೇಜು ಕುಟ್ಟಿ, "ಪರ-ವಿರೋಧ ಮಾಡಿಬಿಡಿ ಗುರು, ನಾವೇ ಜಡ್ಜು," ಅಂದ. ಈ ಸಲ, ಹೆಂಗಸು ಇದ್ದಾಳೆ ಅನ್ನುವುದರ ಪರ ಅವನು, ವಿರೋಧ ನಾನು.

ನಾನು ಮೂರು ಅಂಶ ಇಟ್ಟೆ. ಒಂದು, ಚೀಟಿ. ಎರಡು, ಇಬ್ಬರೂ ಒಂದೇ ವಾಕ್‌ಮನ್ನಿನಲ್ಲಿ, ಒಂದೇ ಹೊತ್ತಿನಲ್ಲಿ ಕೇಳಿದ್ದೇವೆ, ಇದ್ದಿದ್ದರೆ ಇಬ್ಬರಿಗೂ ಕೇಳಿಸಬೇಕಿತ್ತು. ಮೂರನೆಯದನ್ನು ನಾನು ಯೋಚಿಸಿ ಬಂದಿರಲಿಲ್ಲ. ಅವನು ಉತ್ತರವಾಗಿ, "ನನಗ ಕೇಳಸ್ತೈತಿ, ಅದಕ್ಕಿಂತ ದೊಡ್ಡ ಪುರಾವೆ ಏನು ಬೇಕಪಾ?" ಅಂದ. ಜೂನಿಯರ್‌ಗಳು "ಹೋ" ಅಂದರು. ಆ ಹೋ ನನ್ನ ಕೈಲಿ ತಡೆಯಲಾಗಲಿಲ್ಲ.

"ನಿಂಗಿರೋದೇ ಒಂದು ಕಿವಿ. ಅದೂ ಸುಳ್ಳು ಹೇಳುತ್ತೆ ಅಂದ್ರೆ ನಾವೇನ್ ಮಾಡಕ್ಕಾಗುತ್ತೆ ಮಗಾ?"

ಕ್ಯಾಂಟೀನ್ ಪೂರ್ತಿ ನಕ್ಕಿತು. ಅವನೂ ನಕ್ಕ. ಎಡಗಿವಿಯ ವಿಷಯ ಕಾಲೇಜಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹುಡುಗಿಯೊಬ್ಬಳು, "ಹೌದಾ? ನಿಜವಾಗ್ಲೂ?" ಎಂದು ಅವನ ಕಿವಿ ನೋಡಲು ಬಗ್ಗಿದಳು. ಅವನು ಟೀ ಲೋಟ ಎತ್ತಿಕೊಂಡು, "ನೀ ಗೆದ್ದಿ ಬಿಡು," ಅಂದ. ಜಡ್ಜುಗಳು ನನಗೆ ಚಪ್ಪಾಳೆ ತಟ್ಟಿದರು.

ಎರಡು ದಿನದ ಮೇಲೆ ಸ್ಪರ್ಧೆಗೆ ಬಂದ. ಚೆನ್ನಾಗಿಯೇ ಮಾತಾಡಿದ, ನನ್ನ ವಾದವನ್ನು ಪುಡಿ ಪುಡಿ ಮಾಡಿದ, ಫಲಕ ನಮ್ಮದಾಯಿತು. ಫೋಟೊದಲ್ಲಿ ಆ ಕಡೆ ಅವನು, ಈ ಕಡೆ ನಾನು, ನಡುವೆ ಫಲಕ. ಅದಾದ ಮೇಲೆ ಅವನು ಮೈಸೂರು ರಸ್ತೆ ಬಿಟ್ಟು ಉಲ್ಲಾಳದ ಮೇಲೆ ಸುತ್ತಿಕೊಂಡು ಕೆಂಗೇರಿಗೆ ಹೋಗುವ ಬಸ್ಸು ಹತ್ತತೊಡಗಿದ. "ಅಲ್ಲಿ ಒಬ್ಬರ ಮನಿಗೆ ಹೋಗೂದೈತಿ," ಎಂದು ಒಂದು ಸಲ ಹೇಳಿದ. ಎರಡನೇ ಸಲ ನಾನು ಕೇಳಲಿಲ್ಲ. ಹಳದಿ ಕ್ಯಾಸೆಟ್ಟು ನಮ್ಮ ಮನೆಯಲ್ಲೇ ಇತ್ತು. ಅವನು ವಾಪಸು ಕೇಳಿದರೆ ಆಗ ಕ್ಷಮೆ ಕೇಳಬೇಕು ಎಂದುಕೊಂಡಿದ್ದೆ. ಅವನು ಕೇಳಲೇ ಇಲ್ಲ. ಪರೀಕ್ಷೆ ಮುಗಿಯಿತು, ಊರಿಗೆ ಹೋದ.

ಆಮೇಲಿನ ನಾಲ್ಕು ವರ್ಷ ಆ ಆಲ್ಬಂ ಕೇಳಿದ್ದು ನಾನೊಬ್ಬನೇ. ಅದೂ ಎಡಗಡೆಯ ಸ್ಪೀಕರಿನಲ್ಲಿ. ಉಳಿದವರೆಲ್ಲ ಎಂಪಿತ್ರೀ, ಐಪಾಡು ಅಂತ ಮುಂದೆ ಹೋದರು. ನಾನು ಸಂಜೆ ಕೆಲಸದಿಂದ ಬಂದು ಉತ್ತರವಿಲ್ಲದ ಮನುಷ್ಯನ ಗೊಣಗಾಟ ಕೇಳಿಸಿಕೊಂಡು ಊಟಕ್ಕೆ ಏಳುತ್ತಿದ್ದೆ. ನನ್ನ ಸಿದ್ಧಾಂತ ದಿನೇದಿನೇ ಇನ್ನೂ ಗಟ್ಟಿಯಾಗುತ್ತಿತ್ತು. ವಿರೋಧಿಸುವವರು ಯಾರೂ ಇರಲಿಲ್ಲವಲ್ಲ.

ಒಂದು ದಿನ ಟೇಪ್‌ರೆಕಾರ್ಡರು ಪೂರ್ತಿ ನಿಂತಿತು. ಅಮ್ಮನಿಗೆ ಬೆಳಗಿನ ಸುಪ್ರಭಾತ ಇಲ್ಲದೆ ಆಗುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ವಿಜಯನಗರದ ಒಂದು ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಲ್ಲಿದ್ದವರು ನಮ್ಮಪ್ಪನ ವಯಸ್ಸಿನವರು. ಬೆಲ್ಟ್ ಬದಲಾಯಿಸಿದರು. ಹಿಂದಿನ ಮುಚ್ಚಳ ಬಿಚ್ಚಿದವರು ಹಾಗೇ ಒಳಗೆ ಇಣುಕಿ, "ಈ ಸ್ಪೀಕರ್ ಯಾಕೆ ಸುಮ್ನಿದೆ? ಓ, ವೈರ್ ಬಿಟ್ಕೊಂಡಿದೆ ಅಷ್ಟೇ ಸಾರ್," ಎಂದು ಒಂದು ಚುಕ್ಕೆ ಬೆಸುಗೆ ಇಟ್ಟರು. ಒಳಗಿದ್ದ ಕ್ಯಾಸೆಟ್ಟನ್ನೇ ಹಾಕಿ ಗುಂಡಿ ಒತ್ತಿದರು. ಒಳಗಿದ್ದದ್ದು ಹಳದಿಯದು, ಎರಡನೇ ಸೈಡು.

ಹಾಡುವವನು ಒಂದು ಸಾಲು ಗೊಣಗಿದ. ನಿಲ್ಲಿಸಿದ. ಬಲಗಡೆಯಿಂದ ಒಬ್ಬಳು ಏನೋ ಅಂದಳು.

ಹಾಡಿದಳು ಅನ್ನಲಾರೆ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಾ ಉತ್ತರ ಕೊಡುವವರು ಹೇಗೆ ಕೊಡುತ್ತಾರೋ ಹಾಗೆ. ಅವನ ಪ್ರತಿ ಸಾಲಿಗೂ ಒಂದು ಮಾತು, ಕೆಲವಕ್ಕೆ ಬರೀ 'ಉಹುಂ'. ಒಂದು ಕಡೆ ನಕ್ಕಳು ಕೂಡ.

ರಿಪೇರಿಯವರು ತಲೆ ಒಂದು ಕಡೆ ಓರೆ ಮಾಡಿ, "ಚೆನ್ನಾಗಿ ಸಪರೇಟ್ ಆಗಿ ಬರ್ತಾ ಇದೆ ನೋಡಿ. ಆ ಕಡೆ ಗಿಟಾರು, ಮಧ್ಯದಲ್ಲಿ ಗಂಡ, ಈ ಕಡೆ ಹೆಂಡ್ತಿ," ಅಂದರು.

ನಾನು ಹಿಂದಕ್ಕೆ ಸುತ್ತಿ ಅದೇ ಹಾಡನ್ನು ಮತ್ತೆ ಹಾಕಿಸಿದೆ. "ಯಾಕ್ ಸಾರ್, ಸರಿಯಾಗಿ ಬರ್ತಿಲ್ವಾ?" ಅಂತ ಕೇಳಿದರು.

ಹಳೆಯ ಸಹಪಾಠಿಯೊಬ್ಬಳಿಂದ ಅವನ ನಂಬರು ಸಿಕ್ಕಿತು. ಬಾಗಲಕೋಟೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದನಂತೆ. ಮಾರನೇ ದಿನ ರಜ ಹಾಕಿದೆ, ಅಮ್ಮ ಮಾರ್ಕೆಟ್ಟಿಗೆ ಹೋಗುವವರೆಗೂ ಕಾದೆ. ಏನು ಹೇಳಬೇಕು ಎಂದು ಕಾಗದದ ಮೇಲೆ ಮೂರು ಅಂಶ ಬರೆದುಕೊಂಡಿದ್ದೆ.

"ಹಲೋ, ಯಾರು?"

"ಪರ."

ಹಿಂದೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು. "ಏನಲೇ! ಎಲ್ಲಿದ್ದೀ?"

"ಆ ಹಳದಿ ಕ್ಯಾಸೆಟ್ಟಲ್ಲಿ ಹೆಂಗಸಿದಾಳೆ ಕಣೋ. ಬಲಗಡೆ. ನಾನು ಬರೀ ಎಡಗಡೆ ಕೇಳ್ತಿದ್ದೆ. ನೀನು ಬರೀ ಬಲಗಡೆ."

ನಾನು ಸ್ಪೀಕರಿನ ಹತ್ತಿರ ಫೋನ್ ಹಿಡಿದು ಒಂದು ಪಲ್ಲವಿ ಕೇಳಿಸಿದೆ. ವಾಪಸು ಕಿವಿಗಿಟ್ಟಾಗ ಅವನು ಸಣ್ಣಗೆ ನಗುತ್ತಿದ್ದ.

"ಹಾಂ. ಆಕೀನ." ಆಮೇಲೆ, "ನೀ ಅವತ್ತ ಅಂದ ಮ್ಯಾಲ ನಾ ಡಾಕ್ಟರ್ ಕಡೆ ಹೋಗಿದ್ನೆಪಾ. ಉಲ್ಲಾಳದಾಗ ಒಬ್ಬರು ಕಿವಿ ಡಾಕ್ಟರ್ ಇದ್ರು, ಮಾವನ ಗುರ್ತಿನವರು. ಇಲ್ಲದ್ದು ಕೇಳಸ್ತೈತಿ, ಉಳದಿದ್ದ ಕಿವೀನೂ ಹೊಂಟತೇನೋ ಅಂತ ಅಂಜಿಕಿ ಬಂದಿತ್ತು. ನಾಲ್ಕೈದು ಸಲ ಹೋದೆ. ಏನೂ ಆಗಿಲ್ಲ ಅಂದ್ರು. ಆದ್ರೂ ನನಗ ನಂಬಿಕಿ ಬರಲಿಲ್ಲ. ಅವರಕಿಂತ ನೀ ಛಲೋ ಮಾತಾಡಿದ್ದಿ."

ಅವನು ಉಲ್ಲಾಳದ ಬಸ್ಸು ಹತ್ತಿದ್ದು ಸಿಟ್ಟಿನಿಂದ ಎಂದು ನಾನು ನಾಲ್ಕು ವರ್ಷ ನಂಬಿದ್ದೆ. ಕೈಯಲ್ಲಿ ಮೂರು ಅಂಶದ ಕಾಗದ ಇತ್ತು. ಒಂದನ್ನೂ ಓದಲಿಲ್ಲ. "ತಪ್ಪಾಯ್ತು ಕಣೋ," ಅಂದೆ. ಅದು ಆ ಕಾಗದದಲ್ಲಿ ಇರಲೇ ಇಲ್ಲ.

"ಇರ್ಲಿ ಬಿಡು. ಎಡಗಡೆ ಏನೈತಿ?"

"ಏನು?"

"ನಾ ಯಾವತ್ತೂ ಕೇಳಿಲ್ಲಲ್ಲ. ನಿನ್ನ ಕಡೆ ಏನೈತಿ?"

"ಒಂದು ಗಿಟಾರು. ಎರಡೇ ಸ್ವರ."

"ಹಚ್ಚು, ಕೇಳೂನು. ಬೆಲ್ ಹೊಡೀತಾರ ಈಗ, ಲಗೂನ ಹಚ್ಚು."

ಬಲಗಡೆಯ ಸ್ಪೀಕರಿನ ಮೇಲೆ ದಿಂಬು ಅದುಮಿದೆ. ಎಡಗಡೆಯದಕ್ಕೆ ಫೋನು ಒತ್ತಿ ಹಿಡಿದು, ಉಸಿರಿನ ಸದ್ದೂ ಹೋಗದ ಹಾಗೆ ಮುಖ ಆ ಕಡೆ ತಿರುಗಿಸಿ ಕೂತೆ. ಗಿಟಾರು ಹೋಗಿ ಬಂದು ಮಾಡಿತು. ಹಾಡುವವನು ಗೊಣಗಿದ, ನಿಲ್ಲಿಸಿದ, ಗೊಣಗಿದ. ಹಾಡು ಪೂರ್ತಿ ಮುಗಿಯುವವರೆಗೂ ಹಾಗೇ ಹಿಡಿದಿದ್ದೆ. ಕೈ ನೋಯುತ್ತಿತ್ತು. ಫೋನನ್ನು ಕಿವಿಗೆ ಇಟ್ಟುಕೊಂಡಾಗ ಲೈನ್ ಕಟ್ಟಾಗಿತ್ತು. ಅವನ ಶಾಲೆಯ ಗಂಟೆ ಯಾವಾಗ ಹೊಡೆಯಿತೋ, ಅವನು ಎಷ್ಟು ಕೇಳಿದನೋ ಗೊತ್ತಾಗಲಿಲ್ಲ.