ಕೂಗಿ ಹೇಳದ ಅಳತೆ

ಕೋಟು ಮಾಸ್ಟರಿಗೆ ಜನರ ಹೆಸರು ನೆನಪಿರುವುದಿಲ್ಲ, ಅಳತೆ ನೆನಪಿರುತ್ತದೆ. ದಾರಿಯಲ್ಲಿ ಯಾರಾದರೂ ಎದುರಾಗಿ ‘ಚೆನ್ನಾಗಿದೀರಾ ಮಾಸ್ಟರೇ’ ಎಂದರೆ ಹೆಸರಿಗಾಗಿ ತಲೆ ಕೆರೆದುಕೊಳ್ಳುತ್ತಾರೆ. ಆ ಮನುಷ್ಯನ ಬಲಭುಜ ಎಡಭುಜಕ್ಕಿಂತ ಅರ್ಧ ಇಂಚು ಇಳಿದಿದೆ ಎನ್ನುವುದು ಮಾತ್ರ ಥಟ್ಟನೆ ನೆನಪಾಗುತ್ತದೆ. ಒಮ್ಮೆ ಯಾರದೋ ಮದುವೆ ಊಟದಲ್ಲಿ ಗಂಡಿನ ಸೋದರಮಾವನನ್ನು ಹತ್ತಾರು ಜನರೆದುರು ‘ನಲವತ್ತೆರಡು ಸೊಂಟದವರೇ, ಇಲ್ಲಿ ಜಾಗ ಇದೆ ಬನ್ನಿ’ ಎಂದು ಕರೆದುಬಿಟ್ಟಿದ್ದರು. ಅವತ್ತು ಮನೆ ಮುಟ್ಟುವವರೆಗೂ ಹೆಂಡತಿಯಿಂದ ಬೈಸಿಕೊಂಡದ್ದೇ ಬಂತು.

ಇಂಥ ಮನುಷ್ಯ ಒಂದು ಪಾಸ್‌ವರ್ಡ್ ಮರೆತು ಕೂತಿದ್ದರು ಎಂದರೆ ಯಾರು ನಂಬುತ್ತಾರೆ ಹೇಳಿ! ಅದೂ ಎಂಥ ಪಾಸ್‌ವರ್ಡ್, ಬರೀ ಅಂಕಿಗಳದ್ದು. ಅಂಕಿಗಳ ನಡುವೆಯೇ ಕೂದಲು ಹಣ್ಣಾದ ಮನುಷ್ಯನಿಗೆ ಅಂಕಿಯೇ ಕೈಕೊಟ್ಟಿತ್ತು.

ಅವರ ಅಂಗಡಿ ಒಂದು ಉದ್ದನೆಯ ಕೋಣೆ, ಅಷ್ಟೇ. ನಡುವೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಆನಿಸಿದ ನಿಲುವುಗನ್ನಡಿ, ಕಿಟಕಿಯ ಕಡೆಗೆ ಎರಡು ಹೊಲಿಗೆ ಮಿಷನ್. ಒಂದು ಮಿಷನ್ನಿನ ಮೇಲೆ ಈಗ ಬಟ್ಟೆ ಮುಚ್ಚಿದೆ. ಅದು ಹೆಂಡತಿಯದು. ಆಕೆ ಇದ್ದಾಗ ಕೆಲಸ ನಡೆಯುತ್ತಿದ್ದದ್ದು ಹೀಗೆ: ಮಾಸ್ಟರು ಗಿರಾಕಿಯ ಮೈಮೇಲೆ ಟೇಪು ಇಟ್ಟು ‘ಭುಜ ಹದಿನೆಂಟು’ ಎಂದು ಕೂಗಬೇಕು, ಆಕೆ ಕೂತಲ್ಲಿಂದಲೇ ‘ಹದಿನೆಂಟು’ ಎಂದು ತಿರುಗಿ ಹೇಳಬೇಕು. ಆಮೇಲೆ ತೋಳು, ಎದೆ, ಸೊಂಟ. ಇವರು ಕೂಗಿ ಆಕೆ ತಿರುಗಿ ಹೇಳಿದ ಅಂಕಿ ಕಲ್ಲಿನಲ್ಲಿ ಕೊರೆದ ಹಾಗೆ, ಮಾಸ್ಟರ ತಲೆಯಿಂದ ಮತ್ತೆ ಹೋಗುತ್ತಿರಲಿಲ್ಲ. ‘ನಿಮ್ಮ ತಲೇಲಿ ಇರೋದೆಲ್ಲ ನನ್ನ ಬಾಯಿಂದ ಹೋಗಿದ್ದು’ ಎಂದು ಆಕೆ ಛೇಡಿಸುತ್ತಿದ್ದಳು. ಸುಳ್ಳೇನಲ್ಲ.

ಆಕೆ ಹೋಗಿ ಒಂದು ಚಳಿಗಾಲ ಕಳೆದು ಇನ್ನೊಂದು ಬಂದಿತ್ತು. ಫೋಟೋಗಳಿಗೇನೂ ಕಮ್ಮಿಯಿಲ್ಲ, ಗೋಡೆ ತುಂಬ ಇವೆ. ಆದರೆ ದನಿ? ಆ ಪುಣ್ಯಾತ್ಗಿತ್ತಿ ಫೋನಿನ ಮುಂದೆ ಬಾಯಿ ಬಿಟ್ಟವಳೇ ಅಲ್ಲ. ಮಗಳು ವೀಡಿಯೋ ಮಾಡಲು ಹೋದರೆ ಸೆರಗನ್ನೋ ಕೈಯಲ್ಲಿದ್ದ ಬಟ್ಟೆಯನ್ನೋ ಮುಖಕ್ಕೆ ಹಿಡಿದು ತುಟಿ ಪಿಟಕ್ಕೆನ್ನದೆ ಕೂರುತ್ತಿದ್ದಳು. ಹಾಗಾಗಿ ಆಕೆಯ ಒಂದು ಮಾತೂ ಎಲ್ಲೂ ಉಳಿದಿಲ್ಲ ಎಂದೇ ಅಪ್ಪ ಮಗಳು ತಿಳಿದಿದ್ದರು. ಅಂಗಡಿಯಲ್ಲಿ ಮಾಸ್ಟರು ಈಗಲೂ ‘ಭುಜ ಹದಿನೇಳು’ ಎಂದು ಕೂಗುತ್ತಾರೆ. ಕೂಗಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಗಿರಾಕಿಗಳಿಗೆ ಅದು ಅಭ್ಯಾಸವಾಗಿದೆ, ಪಾಪ, ಅವರೂ ಸುಮ್ಮನೆ ನಿಲ್ಲುತ್ತಾರೆ.

ಹೀಗಿರುವಾಗ ಒಂದು ದಿನ ಸಂಗೀತದ ಮೇಷ್ಟರು ಜಗಳಕ್ಕೆ ಬಂದರು. ಹೇಳಿದ ದಿನಕ್ಕೆ ಬಟ್ಟೆ ಕೊಡುವ ಪದ್ಧತಿ ನಿಮ್ಮಲ್ಲಿ ಇಲ್ಲವೇ ಇಲ್ಲ ಎಂದು ಸಾಧಿಸಲು, ಎಂದೋ ಮಾಸ್ಟರೇ ಕಳಿಸಿದ್ದ ಹಳೆಯ ವಾಯ್ಸ್ ಮೆಸೇಜು ಹುಡುಕಿ ಕಿವಿಯ ಹತ್ತಿರ ಹಿಡಿದರು. ‘ಮೇಷ್ಟ್ರೇ, ನಿಮ್ಮ ಕೋಟು ಗುರುವಾರ ರೆಡಿ,’ ಎಂದಿತು ಮಾಸ್ಟರದೇ ದನಿ. ಅದರ ಹಿಂದಿನಿಂದ, ಮಿಷನ್ನಿನ ಸದ್ದಿನ ನಡುವೆ, ಇನ್ನೊಂದು ದನಿ: ‘ಗುರುವಾರ ಎಲ್ಲಿಂದ ಬಂತು ರೀ? ಶನಿವಾರ ಅನ್ನಿ!’

ಮಾಸ್ಟರು ಮೇಷ್ಟರ ಕೈಯನ್ನೇ ಹಿಡಿದುಕೊಂಡರು. ‘ಇನ್ನೊಂದ್ಸಲ ಹಾಕಿ’ ಎಂದರು. ಹಾಕಿದರು. ‘ಇನ್ನೊಂದ್ಸಲ.’ ಜಗಳಕ್ಕೆ ಬಂದ ಮೇಷ್ಟರು ಕೊನೆಗೆ ಸ್ಟೂಲಿನ ಮೇಲೆ ಕೂತು, ಆ ಮೆಸೇಜನ್ನು ಮಾಸ್ಟರ ಮಗಳ ಫೋನಿಗೆ ಕಳಿಸಿ, ಕೋಟಿನ ಮಾತೇ ಎತ್ತದೆ ಎದ್ದುಹೋದರು.

ಆಗ ಹೊಳೆಯಿತು ನೋಡಿ. ವರ್ಷಗಟ್ಟಲೆ ಮಾಸ್ಟರು ಗಿರಾಕಿಗಳಿಗೆ ಮೆಸೇಜು ಕಳಿಸಿದ್ದಾರೆ, ಆಕೆ ವರ್ಷಗಟ್ಟಲೆ ಹಿಂದಿನಿಂದ ತಿದ್ದಿದ್ದಾಳೆ. ಮಗಳು ಸಿಕ್ಕಸಿಕ್ಕ ಗಿರಾಕಿಗಳನ್ನೆಲ್ಲ ಕೇಳಿದಳು. ದರ್ಜಿಯ ಮೆಸೇಜನ್ನು ಯಾರು ಕಾಪಾಡಿಕೊಂಡಿರುತ್ತಾರೆ? ಎಲ್ಲರೂ ಅಳಿಸಿಹಾಕಿದ್ದರು. ಉಳಿದದ್ದು ಒಂದೇ ದಾರಿ, ಮಾಸ್ಟರ ಹಳೆಯ ಫೋನಿನ ಬ್ಯಾಕಪ್ಪು.

ಆ ಫೋನಿನ ಬ್ಯಾಟರಿ ಉಬ್ಬಿಕೊಂಡು, ಹೋಗುವ ಕಾಲ ಬಂದಾಗ, ಓಣಿಯ ತುದಿಯ ಮೊಬೈಲಕ್ಕ ಅದರಲ್ಲಿದ್ದದ್ದನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿಟ್ಟುಕೊಂಡಿದ್ದಳು. ರಿಪೇರಿ ಮಾಡುವ ಆಕೆಯನ್ನು ಇಡೀ ಓಣಿ ಕರೆಯುವುದೇ ಮೊಬೈಲಕ್ಕ ಎಂದು. ಗಿರಾಕಿಯ ಗುಟ್ಟು ತನಗೆ ಬೇಡ ಎಂದು ಪಾಸ್‌ವರ್ಡಿನ ಬೀಗ ಹಾಕದೆ ಏನನ್ನೂ ಇಳಿಸುವವಳಲ್ಲ. ‘ಒಳ್ಳೆ ಫೋನು ತಗೊಂಡಾಗ ಎಲ್ಲಾ ವಾಪಸ್ ತುಂಬಿಕೊಡ್ತೀನಿ ಮಾಸ್ಟರೇ, ಮರೆಯದೇ ಇರೋ ಅಂಕಿ ಒತ್ತಿ’ ಎಂದು ಗೋಡೆಗೆ ಮುಖ ಮಾಡಿ ನಿಂತಿದ್ದಳು. ಮಾಸ್ಟರು ಒತ್ತಿದ್ದರು. ಆಮೇಲೆ ಮನೆಯಲ್ಲಿ ಹೆಂಡತಿಯ ಕಾಯಿಲೆ ಏರಿತು, ಬರೀ ಮಾತಾಡಲು ಒಂದು ಚಿಕ್ಕ ಫೋನಿದ್ದರೆ ಸಾಕಾಗಿತ್ತು, ಒಳ್ಳೆಯ ಫೋನು ಯಾರಿಗೆ ಬೇಕಿತ್ತು?

‘ಬೀಗ ಒಡೆಯೋಕೆ ಆಗಲ್ವಾ ತಾಯಿ?’ ಎಂದು ಮಾಸ್ಟರು ಈಗ ಮೊಬೈಲಕ್ಕನ ಅಂಗಡಿಗೆ ಬಂದು ಕೇಳಿದರು.

‘ಒಡೆಯೋ ಹಾಗಿದ್ರೆ ಅದನ್ನ ಬೀಗ ಅಂತಾರಾ? ಎಷ್ಟು ಅಂಕಿ ಅಂತಾನೂ ಗೊತ್ತಿಲ್ದೆ ಕಂಪ್ಯೂಟರು ಹುಡುಕ್ತಾ ಕೂತ್ರೆ ನನ್ನ ಮೊಮ್ಮಕ್ಕಳ ಕಾಲಕ್ಕೂ ಮುಗಿಯಲ್ಲ. ನೀವೇ ನೆನಪು ಮಾಡ್ಕೋಬೇಕು.’

ಮದುವೆಯ ತಾರೀಖು ಹಾಕಿದರು, ಆಗಲಿಲ್ಲ. ಮಗಳು ಹುಟ್ಟಿದ ದಿನ, ಅಂಗಡಿಯ ನಂಬರು, ಒಂದೂ ಆಗಲಿಲ್ಲ. ಪ್ರತಿಸಲವೂ ಆ ಹಾಳಾದ ಪರದೆ ತಪ್ಪು ತಪ್ಪು ಎನ್ನುತ್ತಿತ್ತು. ಮೊಬೈಲಕ್ಕ ಬೇರೆ ಗಿರಾಕಿಗಳ ಕೆಲಸ ಮಾಡುತ್ತಲೇ ಓರೆಗಣ್ಣಲ್ಲಿ ನೋಡುತ್ತಿದ್ದಳು. ದಂತವೈದ್ಯರ ಕೌಂಟರಿನಲ್ಲಿ ಕೆಲಸ ಮಾಡುವ ಮಗಳು ಊಟದ ಬಿಡುವಿನಲ್ಲಿ ಓಡಿಬಂದಿದ್ದಳು. ಹಲ್ಲುನೋವಿನವರನ್ನು ಸಮಾಧಾನ ಮಾಡಿ ಮಾಡಿ ಪಳಗಿದ ದನಿಯಲ್ಲಿ ಕೇಳಿದಳು:

‘ಅಪ್ಪ, ಬೀಗ ಹಾಕಿದ ದಿನ ಬೆಳಿಗ್ಗೆಯಿಂದ ಏನೇನು ಮಾಡಿದ್ರಿ ಅಂತ ನಿಧಾನಕ್ಕೆ ಹೇಳಿ ನೋಡೋಣ.’

‘ಏನ್ ಮಾಡ್ತಾರೆ? ಎದ್ದೆ. ಅಂಗಡಿ ಬಾಗಿಲು ತೆಗೆದೆ. ನಿಮ್ಮಮ್ಮ ಚಳಿ ಚಳಿ ಅಂತಿದ್ಲು, ಕೋಟು ಹೊಲಿಯೋಣ ಅಂತ ಅಳತೆ ತಗೊಂಡೆ. ಆಮೇಲೆ ಇಲ್ಲಿಗೆ ಬಂದೆ...’ ಮಾಸ್ಟರು ಮಾತು ನಿಲ್ಲಿಸಿದರು. ‘ಅಳತೆ ಕಣಮ್ಮ. ಅಮ್ಮನ ಅಳತೇನೇ ಹಾಕಿದ್ದು.’

ಮೊಬೈಲಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದಳು. ಮಾಸ್ಟರು ಉಸಿರು ಬಿಡದೆ ಹೇಳಿದರು: ಉದ್ದ ನಲವತ್ತು, ಭುಜ ಹದಿನೈದು, ತೋಳು ಇಪ್ಪತ್ತೆರಡು, ಎದೆ ಮೂವತ್ತಾರು, ಸೊಂಟ ಮೂವತ್ತೆರಡು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದ ಅಂಕಿಗಳು. ಮೊಬೈಲಕ್ಕ ಒತ್ತಿದಳು. ತಪ್ಪು.

‘ಅಪ್ಪ,’ ಎಂದಳು ಮಗಳು. ‘ಇದು ಅಮ್ಮ ಚೆನ್ನಾಗಿದ್ದಾಗಿನ ಅಳತೆ ಅಲ್ವಾ? ಆವತ್ತಿಂದು ಯಾವುದು?’

 ಆವತ್ತು ಟೇಪು ಎದೆಯ ಸುತ್ತ ಬಂದಾಗ ಅದರ ತುದಿ ಎಲ್ಲಿಗೆ ಬಂದು ನಿಂತಿತು ಎಂದು ಮಾಸ್ಟರು ಎರಡೆರಡು ಸಲ ನೋಡಿದ್ದರು. ‘ಹೇಳಿ, ಎಷ್ಟು?’ ಎಂದು ಆಕೆ ಅಭ್ಯಾಸದಂತೆ ಕೇಳಿದ್ದಳು. ಜೀವಮಾನದಲ್ಲಿ ಅದೊಂದು ಸಲ ಮಾಸ್ಟರು ಅಳತೆಯನ್ನು ಕೂಗಿ ಹೇಳಲಿಲ್ಲ. ‘ಅದೇ ಹಳೇ ಅಳತೆ ಕಣೇ, ಒಂದು ನೂಲು ಹೆಚ್ಚುಕಮ್ಮಿ ಇಲ್ಲ’ ಎಂದು ಸುಳ್ಳು ಹೇಳಿ ಟೇಪು ಕೊರಳಿಗೆ ಹಾಕಿಕೊಂಡಿದ್ದರು. ಯಾರ ಹತ್ತಿರ ಹೇಳುವುದು ಅದನ್ನು? ಹೊಟ್ಟೆಯಲ್ಲಿಟ್ಟುಕೊಂಡು ಇಲ್ಲಿಗೆ ಬಂದವರು, ಮೊಬೈಲಕ್ಕ ಗೋಡೆಗೆ ಮುಖ ಮಾಡಿದಾಗ, ಇಲ್ಲಿ ಒತ್ತಿಬಿಟ್ಟಿದ್ದರು. ಆ ಸಂಜೆಯೇ ಬಟ್ಟೆಗೆ ಕತ್ತರಿ ಹಾಕಿದ್ದಾಯಿತು. ಮಾರನೆಯ ದಿನಕ್ಕೆ ಅಂಕಿಗಳು ತಲೆಯಲ್ಲಿ ಉಳಿದಿರಲಿಲ್ಲ. ಆಕೆಯ ಬಾಯಿಂದ ತಿರುಗಿ ಬಂದಿದ್ದರೆ ತಾನೆ ಉಳಿಯುವುದು?

‘ನೆನಪಿಲ್ಲ ಕಣಮ್ಮ’ ಎಂದರು.

‘ಕೋಟು ಇದೆಯಲ್ಲ ಅಪ್ಪ.’

ಕಪಾಟಿನಲ್ಲಿತ್ತು. ಆಕೆ ಹೋದ ಮೇಲೆ ಮಾಸ್ಟರು ಅದನ್ನು ಮುಟ್ಟಿರಲಿಲ್ಲ. ಮಗಳೇ ಹೋಗಿ ತಂದಳು, ರಿಪೇರಿ ಮೇಜಿನ ಮೇಲಿದ್ದ ಸ್ಕ್ರೂಗಳನ್ನೆಲ್ಲ ಸರಿಸಿ ಮೊಬೈಲಕ್ಕ ಜಾಗ ಮಾಡಿದಳು. ಮಾಸ್ಟರು ಟೇಪು ಹಿಡಿದರು. ಕೋಟಿನ ಅಳತೆಯಿಂದ, ಉಸಿರಾಡಲು ಕೈಯಾಡಿಸಲು ತಾವು ಬಿಡುವ ಸಡಿಲವನ್ನು ಕಳೆದರು. ಬಂದದ್ದು ಅದೇ ಹಳೇ ಅಂಕಿ, ಆದರೂ ಮೊಬೈಲಕ್ಕ ಒತ್ತಿದಳು. ಮತ್ತೆ ತಪ್ಪು.

ಮಾಸ್ಟರು ಕೋಟಿನ ಒಳಮೈಯನ್ನು ಬೆರಳಲ್ಲಿ ತಡವಿದರು. ಆಮೇಲೆ ಯಾರ ಮುಖವನ್ನೂ ನೋಡದೆ ಒಂದು ಬ್ಲೇಡು ಕೇಳಿದರು. ಕೋಟಿನ ಒಳಪದರವಾದ ಅಸ್ತರಿನ ಹೊಲಿಗೆಯನ್ನು ಬದಿಯಿಂದ ಮೆಲ್ಲಗೆ ಬಿಚ್ಚಿದರು. ಒಳಗೆ ಭುಜದ ಕೆಳಗೆ, ಎದೆಯ ಉದ್ದಕ್ಕೂ, ಸೊಂಟದವರೆಗೆ, ಪದರ ಪದರವಾಗಿ ಹತ್ತಿ. ಎಷ್ಟು ಸಣ್ಣ ಹೊಲಿಗೆಯಲ್ಲಿ ಹಿಡಿದಿಟ್ಟಿದ್ದರೆಂದರೆ ಹೊರಗಿನಿಂದ ಒಂದು ಉಬ್ಬೂ ಕಾಣುತ್ತಿರಲಿಲ್ಲ.

‘ಏನಪ್ಪ ಇದು?’ ಎಂದಳು ಮಗಳು.

‘ಕನ್ನಡಿ ನೋಡ್ಕೊಂಡ್ರೆ ಮೊದಲಿನ ಥರಾನೇ ಕಾಣ್ಲಿ ಅಂತ. ಕರಗಿಹೋಗಿದೀನಿ ಅಂತ ಅವಳಿಗೆ ಗೊತ್ತಾಗ್ಬಾರ್ದಿತ್ತು.’

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಆ ಕೋಟು ಹಾಕಿಕೊಂಡು ಅಮ್ಮ ಕನ್ನಡಿಯ ಮುಂದೆ ನಿಂತದ್ದು ಅವಳಿಗೂ ನೆನಪಿತ್ತು. ಗುಂಡಿ ಹಾಕಿಕೊಂಡು, ಕನ್ನಡಿಯೊಳಗಿನಿಂದಲೇ ಗಂಡನನ್ನು ಒಂದಷ್ಟು ಹೊತ್ತು ನೋಡಿ, ‘ಸರಿಯಾಗಿ ಕೂತಿದೆ, ಹಳೇ ಅಳತೆ ಅಂದ್ರೆ ಹಳೇ ಅಳತೇನೇ’ ಎಂದಿದ್ದಳು. ಮಾಸ್ಟರು ಗೆದ್ದೆ ಎಂದುಕೊಂಡಿದ್ದರು. ಹೆಂಡತಿಗೆ ಹೇಳಿದ ಒಂದೇ ಒಂದು ಸುಳ್ಳು, ಅದು ನಿಂತಿತಲ್ಲ ಎಂಬುದೇ ಆಮೇಲಿನ ದಿನಗಳಲ್ಲಿ ಅವರಿಗಿದ್ದ ಸಮಾಧಾನ.

ಮಾಸ್ಟರು ಹತ್ತಿಯ ದಪ್ಪವನ್ನೂ ಬೆರಳಲ್ಲಿ ಹಿಡಿದು ಲೆಕ್ಕ ಹಾಕಿ ಕಳೆದರು. ಉದ್ದ ಮತ್ತು ತೋಳು ಬದಲಾಗಿರಲಿಲ್ಲ, ಮೂಳೆಯ ಅಳತೆ ಕಾಯಿಲೆಗೆ ಬಗ್ಗುವುದಿಲ್ಲ. ಉಳಿದದ್ದನ್ನು ಹೇಳಬೇಕಿತ್ತು. ಅಂಗಡಿಯಲ್ಲಿ ಕೂಗುವಂತೆಯೇ ಕೂಗಿದರು.

‘ಉದ್ದ ನಲವತ್ತು!’

ಮೊಬೈಲಕ್ಕ ಬೆಚ್ಚಿದಳು. ಮಗಳಿಗೆ ಅರ್ಥವಾಯಿತು. ‘ನಲವತ್ತು’ ಎಂದು ತಿರುಗಿ ಹೇಳಿದಳು.

‘ಭುಜ ಹದಿನಾಲ್ಕು.’

‘ಹದಿನಾಲ್ಕು.’

‘ತೋಳು ಇಪ್ಪತ್ತೆರಡು.’

‘ಇಪ್ಪತ್ತೆರಡು.’

‘ಎದೆ...’ ಮಾಸ್ಟರ ದನಿ ಇಳಿಯಿತು. ‘ಎದೆ ಇಪ್ಪತ್ತೊಂಬತ್ತು ಕಣಮ್ಮ.’

‘ಇಪ್ಪತ್ತೊಂಬತ್ತು ಅಪ್ಪ.’

‘ಸೊಂಟ ಇಪ್ಪತ್ತೈದು.’

ಮಗಳಿಗೆ ತಿರುಗಿ ಹೇಳಲಾಗಲಿಲ್ಲ, ತಲೆಯಾಡಿಸಿದಳು. ಮೊಬೈಲಕ್ಕ ಕೊನೆಯ ಅಂಕಿ ಒತ್ತಿ ಕೈ ಹಿಂದಕ್ಕೆ ತೆಗೆದುಕೊಂಡಳು. ಪರದೆ ಈ ಸಲ ತಪ್ಪು ಎನ್ನಲಿಲ್ಲ. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಹರಿಯತೊಡಗಿತು. ‘ತೆಗೀತು ಮಾಸ್ಟರೇ!’ ಎಂದು ಮೊಬೈಲಕ್ಕ ಕುಣಿದೇಬಿಟ್ಟಳು. ಮಾಸ್ಟರು ಟೇಪನ್ನು ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು ಮಾಡುತ್ತಿದ್ದರು.

ಮೆಸೇಜುಗಳು ಸಾಲಾಗಿ ಬಂದವು. ಹೆಚ್ಚಿನವುಗಳಲ್ಲಿ ಮಾಸ್ಟರ ದನಿ, ಮಿಷನ್ನಿನ ಸದ್ದು, ಮತ್ತೇನೂ ಇಲ್ಲ. ಆದರೆ ಕೆಲವದರಲ್ಲಿ ಆಕೆ ಇದ್ದಳು. ಒಂದರಲ್ಲಿ ಕೆಮ್ಮಿದಳು. ಒಂದರಲ್ಲಿ ಯಾರದೋ ಹೊಟ್ಟೆಯ ಸುತ್ತಳತೆ ಕೇಳಿ ಕಿಸಕ್ಕೆಂದು ನಕ್ಕಳು. ‘ಕತ್ತರಿ ಎಲ್ಲಿಟ್ರಿ, ನಿಮ್ಮ ತಲೆ ಮೇಲಾ?’ ಎಂದು ಇನ್ನೊಂದರಲ್ಲಿ ರೇಗಿದಳು. ಮಾಸ್ಟರು ಅಲ್ಲೇ ತಲೆ ಮುಟ್ಟಿ ನೋಡಿಕೊಂಡರು. ಮಗಳು ನಗುತ್ತ ಅಳುತ್ತ ಕೆಲಸಕ್ಕೆ ವಾಪಸ್ ಹೋಗುವುದನ್ನೇ ಮರೆತಳು.

ಕೊನೆಯ ಮೆಸೇಜು ಅದೇ ಬೆಳಗಿನದು, ಅಳತೆ ತೆಗೆದ ಮೇಲೆ, ಇಲ್ಲಿಗೆ ಬರುವ ಮೊದಲು ಯಾವನೋ ಗಿರಾಕಿಗೆ ಕಳಿಸಿದ್ದು. ‘ಸಾರ್, ನಿಮ್ಮ ಕೋಟು ಈ ವಾರ ಆಗಲ್ಲ, ಬೇಜಾರು ಮಾಡ್ಕೋಬೇಡಿ’ ಎಂದು ಮಾಸ್ಟರು ಒಂದೇ ಸಮನೆ ಮಾತಾಡುತ್ತಿದ್ದರು. ಅದರ ಅಡಿಯಲ್ಲಿ ಇನ್ನೊಂದು ಮಾತು ಸಾಗಿತ್ತು, ಆದರೆ ಸ್ಪಷ್ಟವಾಗಿರಲಿಲ್ಲ. ಮೊಬೈಲಕ್ಕ ಅಂಗಡಿಯ ಬಾಗಿಲು ಮುಚ್ಚಿ, ದನಿ ಏರಿಸಿ, ಮತ್ತೆ ಹಾಕಿದಳು.

‘ರೀ, ಹಳೇ ಅಳತೇಲೇ ಹೊಲೀರಿ, ಕಮ್ಮಿ ಮಾಡ್ಬೇಡಿ. ನಾನೆಷ್ಟು ಇಳಿದಿದೀನಿ ಅಂತ ನಂಗೊತ್ತಾಗಲ್ವಾ? ಸಡಿಲ ಆದ್ರೆ ಆಗ್ಲಿ, ನಂಗೆಷ್ಟು ದಿನಕ್ಕೆ ಬೇಕು? ಆಮೇಲೆ ಮಗಳು ಹಾಕ್ಕೊತಾಳೆ. ರೀ, ಕೇಳಿಸ್ತಾ?’

ಅದರ ಮೇಲೆಯೇ ಮಾಸ್ಟರ ದೊಡ್ಡ ದನಿ: ‘ಹೊರಗಿನವರ ಕೆಲಸ ಅಲ್ಲ ಸಾರ್, ಮನೇದೇ ಅರ್ಜೆಂಟು.’ ಮೆಸೇಜು ಅಲ್ಲಿಗೆ ಮುಗಿಯಿತು.

 ಅಸ್ತರು ಬಿಚ್ಚಿದ ಕೋಟು ಮೇಜಿನ ಮೇಲೆ ಹಾಗೇ ಬಿದ್ದಿತ್ತು. ಹತ್ತಿ ತುಂಬಿದ ಅದರೊಳಗೆ ಮಗಳ ಮೈಗೆ ಜಾಗವಿರಲಿಲ್ಲ.

‘ಅಪ್ಪ, ಅಮ್ಮ ಹೇಳಿದ್ದು ಆವತ್ತು ನಿಮಗೆ ಕೇಳಿಸ್ಲಿಲ್ವಾ?’

‘ಇಲ್ಲ ಕಣಮ್ಮ. ನಾನು ಮಾತಾಡ್ತಿದ್ದೆ.’

ಮಾಸ್ಟರು ಮೊಬೈಲಕ್ಕನಿಗೆ ಕೈಸನ್ನೆ ಮಾಡಿದರು. ಆಕೆ ಮತ್ತೆ ಹಾಕಿದಳು. ಮಾಸ್ಟರು ಸ್ಪೀಕರಿಗೆ ಕಿವಿಯಾನಿಸಿ ಬಗ್ಗಿ ನಿಂತರು. ‘ರೀ, ಕೇಳಿಸ್ತಾ?’ ಎಂಬ ಮಾತು ಬರುವವರೆಗೂ ಉಸಿರು ಹಿಡಿದಿದ್ದರು.

‘ಕೇಳಿಸ್ತು ಕಣೇ,’ ಎಂದರು. ‘ಈಗ ಕೇಳಿಸ್ತು.’