ಮೋತಿಯ ಹಿಂದಿನ ಕಾಲುಗಳು

ಮೋತಿ ಅವತ್ತು ಗುರುಗುಟ್ಟಿದ್ದು ತನ್ನ ಕಾಲುಗಳನ್ನೇ ಕಂಡು.

ಬೆಳಗಿನ ಹೊತ್ತು. ನಾನು ಅಂಗಳ ಗುಡಿಸುತ್ತಿದ್ದೆ. ಕಟ್ಟೆಯ ಕೆಳಗೆ ಮಲಗಿದ್ದ ನಮ್ಮ ನಾಯಿ ಏಳಲು ನೋಡಿತು. ಮುಂದಿನ ಅರ್ಧ ಮೈ ಎದ್ದಿತು, ಹಿಂದಿನರ್ಧ ನೆಲದಲ್ಲೇ ಉಳಿಯಿತು. ಏನು ಹಿಡಿದುಕೊಂಡಿದೆ ಎಂದು ಹೊರಳಿ ನೋಡಿತು. ಅಲ್ಲಿ ಎರಡು ಕಾಲು ಬಿದ್ದಿದ್ದವು. ಗುರುತಿಲ್ಲದವರು ಅಂಗಳಕ್ಕೆ ಬಂದರೆ ಹೇಗೋ ಹಾಗೆ ಹಲ್ಲು ತೋರಿಸಿತು.

ಅಬ್ಬಿಗೇರಿಯ ನಮ್ಮ ಮನೆಯಲ್ಲಿ ಇರುವುದು ಮೂವರು. ನಾನು ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಜಂಪರ್ ಹೊಲಿಯುತ್ತೇನೆ. ನನ್ನ ಗಂಡ ಈರಣ್ಣ ಹೊಲ ನೋಡಿಕೊಳ್ಳುತ್ತಾರೆ. ಅತ್ತೆಗೆ ಕಣ್ಣು ಮಂಜಾಗಿ ಬಹಳ ಕಾಲವಾಯಿತು. ಅವರು ಹೊಲಕ್ಕೆ ಹೊರಟರೆ ಮೋತಿ ಮುಂದೆ ನಡೆಯುತ್ತಿತ್ತು, ತಗ್ಗು ಬಂದಲ್ಲಿ ಅಡ್ಡ ನಿಲ್ಲುತ್ತಿತ್ತು. ಅದಕ್ಕೆ ಯಾರೂ ಕಲಿಸಿರಲಿಲ್ಲ.

ಟಂಟಂ ಆಟೋದಲ್ಲಿ ರೋಣದ ಪಶು ದವಾಖಾನೆಗೆ ಒಯ್ದೆವು. ಡಾಕ್ಟರ್ ಹೆಣ್ಣುಮಗಳು, ನನಗಿಂತ ಚಿಕ್ಕವರು. ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಗಟ್ಟಿಯಾಗಿ ಹಿಡಿದು ಒತ್ತಿದರು. ಮೋತಿ ಕಿಟಕಿಯ ಆಚೆ ಏನನ್ನೋ ನೋಡುತ್ತ ಸುಮ್ಮನೆ ಇತ್ತು. ಗದಗಿಗೆ ಹೋಗಿ ಎಕ್ಸ್-ರೇ ಮಾಡಿಸಿಕೊಂಡು ಬಂದೆವು. ಬೆನ್ನಿನ ಡಿಸ್ಕ್ ಜಾರಿ ಬೆನ್ನುಹುರಿಯ ಮೇಲೆ ಕೂತಿರಬೇಕು ಎಂದರು ಡಾಕ್ಟರ್. ಆಪರೇಷನ್ ದೂರದ ಮಾತು, ಮಾಡಿಸಿದರೂ ಖಾತ್ರಿಯಿರಲಿಲ್ಲ.

"ಇಂಜೆಕ್ಷನ್ ಕೊಟ್ಟು ಕಾಯಂ ಮಲಗಸೂದೂ ಒಂದು ದಾರಿ ಐತ್ರಿ. ಮನ್ಯಾಗ ವಿಚಾರ ಮಾಡ್ರಿ," ಎಂದರು ಡಾಕ್ಟರ್.

ವಿಚಾರ ಮಾಡುವುದಕ್ಕೆಂದು ಮನೆಗೆ ತಂದೆವು. ಗುಳಿಗೆ ಕೊಟ್ಟೆವು. ಅಲುಗಾಡದಂತೆ ಪಡಸಾಲೆಯ ಮೂಲೆಯಲ್ಲಿ ಹಲಗೆ ಅಡ್ಡ ಇಟ್ಟೆವು. ತಾನಾಗಿ ಉಚ್ಚೆ ಹೊಯ್ಯಲೂ ಅದಕ್ಕೆ ಬರುತ್ತಿರಲಿಲ್ಲ. ಹೊಟ್ಟೆಯ ಕೆಳಗೆ ಕೈಯಿಟ್ಟು ಮೆಲ್ಲಗೆ ಒತ್ತಿ ಹೊಯ್ಯಿಸುವುದನ್ನು ಕಲಿತೆ. ಕೂಸಿಗೆ ಮಾಡಿದ ಹಾಗೆ ಎಂದುಕೊಳ್ಳುತ್ತಿದ್ದೆ. ಆದರೆ ಕೂಸು ಅಳುತ್ತದೆ. ಇದು ನನ್ನ ಕೈ ಎಲ್ಲಿದೆ ಎಂಬುದೇ ತಿಳಿಯದೆ ಬೇರೆ ಕಡೆ ನೋಡುತ್ತಿತ್ತು.

ಒಂದು ಮಧ್ಯಾಹ್ನ ಮಷಿನ್ ನಿಲ್ಲಿಸಿ ದಾರ ಪೋಣಿಸುವಾಗ ಹಲಗೆಯ ಆಚೆಯಿಂದ ಕಟಕಟ ಅಗಿಯುವ ಸದ್ದು ಕೇಳಿತು. ಎಲುಬು ಎಲ್ಲಿ ಸಿಕ್ಕಿತೋ ಎಂದು ಬಗ್ಗಿ ನೋಡಿದೆ.

ತನ್ನ ಕಾಲನ್ನೇ ಅಗಿಯುತ್ತಿತ್ತು.

ಬಾಯಿಗೆಲ್ಲ ರಕ್ತ. ಮುಖದಲ್ಲಿ ನೋವಿನ ಗೆರೆಯೂ ಇಲ್ಲ. ನನ್ನನ್ನು ಕಂಡು ಕಿವಿ ಹಿಂದಕ್ಕೆ ಹಾಕಿ ಪ್ರೀತಿ ತೋರಿಸಿತು.

ಅತ್ತೆ ಅವತ್ತಿನಿಂದ ಅದರ ಹೆಸರು ಕರೆಯುವುದನ್ನು ಬಿಟ್ಟರು. "ಅದರ ಅರ್ಧ ಮೈಯಾಗ ಬ್ಯಾರೆ ಯಾರೋ ಕುಂತಾರ. ಹೊರಗ ಹಾಕ್ರಿ ಅದನ್ನ," ಎಂದರು. ಗಂಡ ನನ್ನ ಮುಖ ನೋಡಲಿಲ್ಲ. "ಆ ಇಂಜೆಕ್ಷನ್ನ ಮಾಡಿಸಿಬಿಡೂಣೇನು?" ಎಂದರು.

ಮತ್ತೆ ರೋಣಕ್ಕೆ ಹೋದೆವು. ಡಾಕ್ಟರ್ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿ, ಬಾಯಿ ಕಾಲಿಗೆ ನಿಲುಕದಂತೆ ಕೊರಳಿಗೆ ಅಗಲ ಕಾಲರ್ ಕಟ್ಟಿದರು. ಆಮೇಲೆ ನನ್ನ ಕೈ ಹಿಡಿದು ಮೋತಿಯ ತೊಡೆಯ ಮೇಲೆ ಇಟ್ಟರು.

"ಬೆನ್ನಿನ ಬಾವು ಇಳದೈತಿ. ಇನ್ನ ಮಸಾಜ್ ಚಾಲೂ ಮಾಡ್ರಿ."

"ಅದರಿಂದ ಕಾಲು ಬರ್ತಾವೇನ್ರಿ?"

"ಮಸಾಜ್ ನರ ಕೂಡಸಂಗಿಲ್ರಿ, ಖರೇ ಹೇಳ್ತೀನಿ. ಸ್ನಾಯು ಕರಗದಂಗ ಕಾಯ್ತೈತಿ. ಕೀಲು ಬಿಗಿಯಂಗಿಲ್ಲ, ರಕ್ತ ಚಲೋ ಆಡ್ತೈತಿ, ನೋವು ಇಳಿತೈತಿ. ಬೆನ್ನೆಲುಬಿನ ಮ್ಯಾಲೆ ಮಾತ್ರ ಒತ್ತಬ್ಯಾಡ್ರಿ."

ಗಂಡ, "ಸ್ವಲ್ಪ ದಿನ ನೋಡೂಣಂತ," ಎಂದರು.

ಮೊದಲ ದಿನ ನನಗೆ ಹೆದರಿಕೆಯಾಯಿತು. ಹೆಗಲಿನಿಂದ ಶುರು ಮಾಡಿದೆ. ಇಡೀ ಮೈಯ ಭಾರ ಮುಂಗಾಲಿನ ಮೇಲೆ ಬಿದ್ದು ಹೆಗಲು ಗಂಟುಗಂಟಾಗಿತ್ತು. ಅಂಗೈಯಿಂದ ಮೆಲ್ಲಗೆ ತೀಡಿದಂತೆ ಗಂಟು ಸಡಿಲಾಗುವುದು ಕೈಗೆ ತಿಳಿಯುತ್ತಿತ್ತು. ಮೋತಿ ಉದ್ದವಾಗಿ ಉಸಿರು ಬಿಟ್ಟು ಕಣ್ಣು ಮುಚ್ಚಿತು. ಕಾಯಿಲೆ ಬಿದ್ದ ಮೇಲೆ ಅದು ಹಾಗೆ ನೆಮ್ಮದಿಯಿಂದ ನಿದ್ದೆ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಆದರೆ ಸೊಂಟ ದಾಟಿ ಕೈ ಹಿಂದಕ್ಕೆ ಹೋದಂತೆ ಬಿಸಿ ಕಡಿಮೆಯಾಯಿತು, ಚರ್ಮದ ಮಿಡಿತ ನಿಂತಿತು. ಪಾದ ಮಡಚಿ ಚಾಚಿ ಮಾಡುವಾಗ ಕಾಲು ನನ್ನ ಅಂಗೈಯನ್ನು ಒದೆಯಿತು.

ನಾನು ಕೈ ತೆಗೆದೆ.

ಕಾಲು ಒದೆಯುತ್ತಲೇ ಇತ್ತು. ಮೋತಿ ಗಾಢ ನಿದ್ದೆಯಲ್ಲಿತ್ತು.

ಇದನ್ನು ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ, ಸಂಜೆ ತೀಡುವುದನ್ನು ಬಿಡಲೂ ಇಲ್ಲ. ಬರಬರುತ್ತ ಗಾಯ ಮಾಯಿತು, ಒಣಗಿದ್ದ ತೊಡೆ ತುಸು ತುಂಬಿಕೊಂಡಿತು. ಕಾಲರ್ ಬಿಚ್ಚುವ ಹೊತ್ತಿಗೆ ಅಗಿಯುವುದನ್ನು ಅದು ಮರೆತಿತ್ತು. ನನಗೂ ಏನೋ ಆಗಿತ್ತು. ಇಡೀ ದಿನ ಮಷಿನ್ ಮೇಲೆ ಬಗ್ಗಿದ ತಲೆಯಲ್ಲಿ ಸುತ್ತುತ್ತಿದ್ದ ಚಿಂತೆಗಳು ನಾಯಿಯ ಉಸಿರಿನ ಜೊತೆ ನಿಧಾನಕ್ಕೆ ಇಳಿಯುತ್ತಿದ್ದವು.

ಹಿಂಗಾರಿ ಕಡಲೆ ಬಿತ್ತುವ ದಿನಗಳು. ಗಂಡ ಹೊಲದಲ್ಲಿದ್ದರು. ನಾನು ಹೊಲಿಯುತ್ತಿದ್ದೆ. ಬೆನ್ನ ಹಿಂದೆ ಕಲ್ಲು ನೆಲದ ಮೇಲೆ ಉಗುರಿನ ಸದ್ದು ಬಂತು. ಎಳೆದಾಡುವ ಸದ್ದಲ್ಲ. ನಡೆಯುವ ಸದ್ದು.

ತಿರುಗಿದೆ. ಹಲಗೆ ಬಿದ್ದಿತ್ತು. ಮೋತಿ ನಾಲ್ಕೂ ಕಾಲ ಮೇಲೆ ಗೋಡೆಯ ಕಡೆಗೆ ನಡೆಯುತ್ತಿತ್ತು. ಮುಂಗಾಲು ಒಂದು ತಾಳದಲ್ಲಿ, ಹಿಂಗಾಲು ಇನ್ನೊಂದು ತಾಳದಲ್ಲಿ. ಯಾರೋ ಹಿಂದೆ ನಿಂತು ನೂಕುತ್ತಿರುವಂತೆ ಹಿಂಗಾಲುಗಳು ಬರುತ್ತಿದ್ದವು. ಗೋಡೆ ಮುಟ್ಟಿ ಮುಂದಿನವು ನಿಂತವು. ಹಿಂದಿನವು ನಿಲ್ಲಲಿಲ್ಲ. ಮೈ ಬಿಲ್ಲಿನಂತೆ ಬಾಗಿ ಧೊಪ್ಪನೆ ಬಿತ್ತು.

ಕದದ ಮರೆಯಿಂದ ಅತ್ತೆ ಕೇಳಿದರು: "ಯಾರು ನಡದ್ರು?"

ನಾನು ಎದ್ದು ಹೋಗಿ ಮೋತಿಯನ್ನು ಎತ್ತಿಕೊಂಡೆ.

ರೋಣದಲ್ಲಿ ಡಾಕ್ಟರ್ ಮತ್ತೆ ಬೆರಳು ಒತ್ತಿ ನೋಡಿದರು. ಮೋತಿಗೆ ಇನ್ನೂ ಏನೂ ತಿಳಿಯುತ್ತಿರಲಿಲ್ಲ. "ಮೆದುಳಿಗೆ ಗೊತ್ತಾಗದಂಗ ಬೆನ್ನುಹುರಿ ತಾನ ನಡಸ್ತೈತ್ರಿ. ಇದಕ್ಕ ಸ್ಪೈನಲ್ ವಾಕಿಂಗ್ ಅಂತಾರ," ಎಂದರು. "ನೀವು ತೀಡಿ ಸ್ನಾಯು ಉಳಿಸಿರಲಿಲ್ಲಂದ್ರ ನಿಲ್ಲಾಕ ಕಾಲಾದ್ರೂ ಎಲ್ಲಿರ್ತಿದ್ವು?"

ಮನೆಗೆ ಬಂದು ಅತ್ತೆಗೆ ಹೇಳಿದೆ. ಎಷ್ಟು ಅರ್ಥವಾಯಿತೋ ಗೊತ್ತಿಲ್ಲ. ಆದರೆ ಸಂಜೆ ನಾನು ತೀಡಲು ಕೂತಾಗ ಅವರು ಗೋಡೆ ಹಿಡಿದು ಬಂದು ಪಕ್ಕಕ್ಕೆ ಕೂತರು. ಕೈ ಚಾಚಿ ಹುಡುಕಿದರು. ಅವರ ಬೆರಳು ಸೊಂಟದ ಹಿಂದಕ್ಕೇ ಬಿದ್ದವು. ತೆಗೆಯಲಿಲ್ಲ. "ಮೊದಲಿಗಿಂತ ಸಣ್ಣಾಗೈತಿ," ಎಂದು ಮೆಲ್ಲಗೆ ಒತ್ತತೊಡಗಿದರು.

ಮೋತಿ ಈಗಲೂ ಅಡ್ಡಾದಿಡ್ಡಿ ನಡೆಯುತ್ತದೆ. ತಿರುವಿನಲ್ಲಿ ಬೀಳುತ್ತದೆ. ಉಚ್ಚೆಗೆ ನಾನೇ ಬೇಕು. ಆ ಕಾಲುಗಳು ತನ್ನವೆಂಬ ಅರಿವು ಅದಕ್ಕೆ ಎಂದಾದರೂ ಬರುತ್ತದೆಯೋ ಇಲ್ಲವೋ, ಡಾಕ್ಟರಿಗೂ ಗೊತ್ತಿಲ್ಲ. ಈಗ ನಾನು ಕೇಳುವುದನ್ನು ಬಿಟ್ಟಿದ್ದೇನೆ. ಇಷ್ಟಾದರೂ ಆಯಿತಲ್ಲ ಎನ್ನುತ್ತೇನೆ.

ನಿನ್ನೆ ಅತ್ತೆ ಅಂಗಳದಲ್ಲಿ ನಿಂತು ಅದರ ಹೆಸರು ಕರೆದರು. ಮೊದಲು ತಲೆ ತಿರುಗಿತು. ಮುಂಗಾಲುಗಳು ಎದ್ದು ಹೊರಟವು. ತುಸು ತಡವಾಗಿ, ಹಿಂದಿನವೂ ಹೊರಟವು.